ಉಪ್ಪು ಬೇಡುವ ರೋಗಾಣು

ಉಪ್ಪು ಹಾಕಿದ್ದು ಕೆಡುವುದಿಲ್ಲ ಎಂಬುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. ಮಾವಿನ ಮಿಡಿಗೆ ಉಪ್ಪು ಬೆರಸಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ವರ್ಷ ಕಳೆದರೂ ಅದಕ್ಕೇನೂ ಆಗದು. ಕರಾವಳಿಯ ಜನ, ದೋಣಿಗಳು ಕಡಲಿಗಿಳಿಯದ ಮಳೆಗಾಲದ ದಿನಗಳಿಗೆಂದು, ಮೀನಿನ ಹೊಟ್ಟೆ ಸೀಳಿ ಉಪ್ಪು ತುಂಬಿ ಬಿಸಿಲಿನಲ್ಲಿ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಈ ನಂಬಿಕೆ ಸುಳ್ಳಲ್ಲ. ಪದಾರ್ಥವನ್ನು ಕೊಳೆಯಿಸುವ ಅಣುಜೀವಿಗಳ ಮೈಯಿಂದ ಉಪ್ಪು ನೀರನ್ನು ಸೆಳೆದುಬಿಡುತ್ತದೆ. ನೀರಿಲ್ಲದೆ ಅವು ಬೆಳೆಯಲಾರವು. ಆದರೆ ಉಪ್ಪಿಗೆ ಹೆದರದ, ಹೆದರದಿರುವುದಷ್ಟೇ ಏಕೆ, ಉಪ್ಪಿಲ್ಲದೆ ಬಾಳಲಾರದ ರೋಗಾಣುವೊಂದುಂಟು. ಅದರ ತೌರುಮನೆ ಕಡಲು. ಅದು ವಿಜ್ಞಾನಿಗಳ ಗಮನಕ್ಕೆ ಬಂದದ್ದು ೧೯೫೦ರಲ್ಲಿ. ಅದಕ್ಕೆ ಹಿಂದೆ ಅದು ಎಷ್ಟು ಜನರ ಹೊಟ್ಟೆಯನ್ನು ಹಿಂಡಿತ್ತೋ ಲೆಕ್ಕವಿಟ್ಟವರಿಲ್ಲ. ಏಕೆಂದರೆ ಲೆಕ್ಕವಿಡಬೇಕಾದವರ ಕಣ್ಣಿಗೇ ಅದು ಬಿದ್ದಿರಲಿಲ್ಲ. ಸೂಕ್ಷ್ಮದರ್ಶಕವಿದ್ದೂ, ಪ್ರಯೋಗಶಾಲೆಗಳಿದ್ದೂ ಅದು ಏಕೆ ಕಣ್ಣಿಗೆ ಬೀಳಲಿಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ.

ಮೀನು ಏಡಿಗಳ ಸುದ್ದಿ ನಮಗೇಕೆ ಎಂದು ಸಸ್ಯಾಹಾರಿಗಳು ಪುಟ ತಿರುವಬಾರದು. ಸ್ವಲ್ಪ ಮುಂದೆ ಒಂದು ಸೌತೆಕಾಯಿಯ ಪ್ರಸಂಗ ಬರುತ್ತದೆ. ಅಲ್ಲಿಯವರೆಗೆ ತಾಳಿದರೆ ಅವರಿಗೂ ಇದರಲ್ಲಿ ಪಾಲುಂಟೆಂದು ತಿಳಿಯುತ್ತದೆ.

ಕಡಲಿನ ಆಹಾರದಿಂದ ರೋಗ ಬರುವುದು ಹೊಸ ವಿಷಯವೇನಲ್ಲ. ಇಂಗ್ಲೆಂಡಿನ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ನಗರಗಳಲ್ಲಿ ೧೯೦೨ನೆಯ ನವೆಂಬರಿನಲ್ಲಿ ಮೇಯರರು ಔತಣಗಳನ್ನು ಏರ್ಪಡಿಸಿದ್ದರು. ಔತಣವೆಂದ ಮೇಲೆ ಹಸಿ ಸಿಂಪಿ ಇರಲೇಬೇಕು. ಅಲ್ಲಿಯ ಶ್ರೀಮಂತರು ಸಿಂಪಿಯ ಚಿಪ್ಪನ್ನು ಬಿಡಿಸಿ ಒಳಗಿನ ಮಾಂಸವನ್ನು ಬೇಯಿಸದೆ ಹಾಗೆಯೇ ನುಂಗುವರು. ಔತಣದ ಕೆಲವು ದಿನಗಳ ಮೇಲೆ ಅತಿಥಿಗಳಲ್ಲಿ ಹಲವರು ಟೈಫಾಯಿಡ್ ಜ್ವರದಿಂದ ಮಲಗಿದರು. ವಿಂಚೆಸ್ಟರಿನ ದೊಡ್ಡ ಚರ್ಚಿನ ಡೀನರು ತೀರಿಕೊಂಡರು. ವಿಚಾರಣೆ ನಡೆಯಿತು. ಸಿಂಪಿಗಳು ಬಂದದ್ದು ಎಮ್ಸ್‌ವರ್ತ್ ಎಂಬ ಕಡಲತೀರದ ಊರಿನಿಂದ. ಆ ಊರಿನ ಚರಂಡಿಯ ನೀರು ಸಿಂಪಿ ಬೆಳೆಸುವ ಜಾಗಕ್ಕೇ ಹೋಗಿ ಬೀಳುತ್ತಿತ್ತು. ರೋಗ ಮನುಷ್ಯನದು, ಕೊಳಕು ಮನುಷ್ಯನದು. ಸಿಂಪಿ ಅದನ್ನು ಹೊತ್ತು ಮತ್ತೆ ಮನುಷ್ಯನ ಮೇಜಿಗೆ ತಂದಿತು, ಅಷ್ಟೆ.

ಇಂಥ ಪ್ರಸಂಗಗಳಿಂದ ವೈದ್ಯರ ಮನಸ್ಸಿನಲ್ಲಿ ಒಂದು ಸಿದ್ಧಾಂತ ನೆಲೆಯೂರಿತು. ಕಡಲು ತಾನಾಗಿ ನಿರ್ಮಲ. ಅದನ್ನು ಕೆಡಿಸುವುದು ನೆಲದ ಹೊಲಸು. ಚರಂಡಿಯನ್ನು ಸರಿಪಡಿಸಿದರೆ ಕಡಲಿನ ಆಹಾರ ನಿರಪಾಯ. ಈ ಸಿದ್ಧಾಂತದಿಂದ ಆದ ಉಪಕಾರ ಬಹಳ. ಅದರ ಹೆಸರಿನಲ್ಲಿ ಎಷ್ಟೋ ಊರುಗಳ ಚರಂಡಿಗಳು ದುರಸ್ತಿಯಾದವು. ಆದರೆ ಒಂದು ಸಿದ್ಧಾಂತ ಚೆನ್ನಾಗಿ ಕೆಲಸ ಮಾಡಿದಾಗ ಅದರ ಆಚೆಗೆ ನೋಡುವ ಅಭ್ಯಾಸ ತಪ್ಪಿಹೋಗುವುದೂ ಉಂಟು. ಇಲ್ಲಿ ಆದದ್ದೂ ಹಾಗೆಯೇ.

ಈಗ ಜಪಾನಿಗೆ ಬರೋಣ. ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷವಾಗಿತ್ತು. ಜಪಾನೀಯರ ಅಡಿಗೆಯಲ್ಲಿ ಶಿರಾಸು ಎಂಬ ಪದಾರ್ಥವೊಂದಿದೆ. ನಮ್ಮ ಕರಾವಳಿಯ ಬೂತಾಯಿ ಮೀನಿನ ಬಳಗಕ್ಕೆ ಸೇರಿದ ಮೀನುಗಳ ಎಳೆಯ ಮರಿಗಳು, ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು. ಅವನ್ನು ಉಪ್ಪುನೀರಿನಲ್ಲಿ ಕುದಿಸಿ, ಅರೆಬರೆ ಒಣಗಿಸಿ ಮಾರುತ್ತಾರೆ. ಬೆಳ್ಳಗೆ ಸಣ್ಣ ಶಾವಿಗೆಯಂತೆ ಕಾಣುವ ಇದನ್ನು ಅನ್ನದ ಮೇಲೆ ಉದುರಿಸಿಕೊಂಡು ತಿನ್ನುವುದು ವಾಡಿಕೆ. ಬಡವರಿಗೂ ನಿಲುಕುವ ಪದಾರ್ಥ.

೧೯೫೦ನೆಯ ಅಕ್ಟೋಬರಿನಲ್ಲಿ ಒಸಾಕ ನಗರದ ದಕ್ಷಿಣದ ಕಡಲಂಚಿನ ಊರುಗಳಲ್ಲಿ ಶಿರಾಸು ತಿಂದವರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ತಡೆಯಲಾರದ ಹೊಟ್ಟೆನೋವು, ವಾಂತಿ, ನೀರಿನಂಥ ಭೇದಿ. ಒಟ್ಟು ೨೭೨ ಮಂದಿಗೆ ಕಾಯಿಲೆಯಾಯಿತು. ಅವರಲ್ಲಿ ೨೦ ಮಂದಿ ಸತ್ತರು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಊಟದಲ್ಲಿ ಒಂದು ಹಿಡಿ ಮೀನಿನ ಮರಿ ತಿಂದು ಪ್ರಾಣ ಬಿಟ್ಟರೆಂದರೆ ಊರಿನ ಜನಕ್ಕೆ ಹೇಗಾಗಿರಬೇಕು! ಅದೂ ಹಸಿ ಮೀನಲ್ಲ, ಕುದಿಸಿದ ಮೀನು. ಉಪ್ಪು ಹಾಕಿದ ಮೀನು.

ಸತ್ತವರ ಶವಪರೀಕ್ಷೆಯಲ್ಲಿ ತೆಗೆದ ವಸ್ತುಗಳೂ, ತಿಂದುಳಿದ ಶಿರಾಸುವೂ ಒಸಾಕ ವಿಶ್ವವಿದ್ಯಾನಿಲಯದ ಅಣುಜೀವಿ ರೋಗಗಳ ಸಂಶೋಧನಾಲಯಕ್ಕೆ ಬಂದವು. ಅಲ್ಲಿಯ ಪ್ರೊಫೆಸರ್ ಟ್ಸುನೆಸಬುರೊ ಫುಜಿನೊ ಅವರು ಪರೀಕ್ಷೆಯನ್ನು ಕೈಗೊಂಡರು. ಆಹಾರದಿಂದ ಹಬ್ಬುವ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವ ಹಳೆಯ ಅಪರಾಧಿಗಳು ಕೆಲವರಿದ್ದಾರೆ: ಟೈಫಾಯಿಡಿನ ನೆಂಟರು, ಆಮಶಂಕೆಯ ರೋಗಾಣು, ಕಾಲರಾ. ಅವರಲ್ಲಿ ಯಾರೂ ಇಲ್ಲಿ ತಪ್ಪಿತಸ್ಥರಾಗಿ ಕಾಣಲಿಲ್ಲ. ಫುಜಿನೊ ಅವರು ರಕ್ತ ಬೆರಸಿದ ಪಾಕದ ಮೇಲೆ ರೋಗಾಣುಗಳನ್ನು ಬೆಳೆಸಿ, ಇಲಿಗಳ ಮೇಲೆ ಪ್ರಯೋಗ ಮಾಡಿ, ಕೊನೆಗೆ ಯಾವ ಪುಸ್ತಕದಲ್ಲಿಯೂ ವರ್ಣಿತವಾಗಿರದ ಸಣ್ಣ ಕಡ್ಡಿಯಾಕಾರದ ಒಂದು ಜೀವಿಯನ್ನು ಬೇರ್ಪಡಿಸಿದರು. ಅದು ರೋಗಿಗಳ ವಸ್ತುವಿನಲ್ಲಿಯೂ ಇತ್ತು, ಶಿರಾಸುವಿನಲ್ಲಿಯೂ ಇತ್ತು. ಬಣ್ಣ ಹಾಕಿ ನೋಡಿದರೆ ಎರಡು ತುದಿಗಳು ಮಾತ್ರ ಗಾಢವಾಗಿ ಕಾಣುತ್ತಿದ್ದವು. ಹೀಗೆ ಬಣ್ಣ ಹಿಡಿಯುವುದು ಪಾಶ್ಚುರೆಲ್ಲ ಎಂಬ ಕುಲದ ಲಕ್ಷಣ. ನಮ್ಮ ಹಿರಿಯರನ್ನು ಊರು ಬಿಡಿಸಿ ಹೊಲಗಳಲ್ಲಿ ಗುಡಿಸಲು ಹಾಕಿಸಿದ ಪ್ಲೇಗಿನ ರೋಗಾಣುವನ್ನೂ ಆಗ ಅದೇ ಕುಲದಲ್ಲಿ ಸೇರಿಸಿದ್ದರು. ಆದಕಾರಣ ಫುಜಿನೊ ಅವರು ಇದಕ್ಕೆ ಪಾಶ್ಚುರೆಲ್ಲ ಪ್ಯಾರಾಹೀಮೊಲಿಟಿಕ ಎಂದು ಹೆಸರಿಟ್ಟರು. ರಕ್ತವನ್ನು ಕರಗಿಸುವ ಗುಣವುಳ್ಳದ್ದು ಎಂಬ ಅರ್ಥ ಆ ಉದ್ದನೆಯ ಹೆಸರಿನಲ್ಲಿ ಅಡಗಿದೆ. ಕುಲ ತಪ್ಪಾಗಿತ್ತು, ಜೀವಿ ಮಾತ್ರ ಸರಿಯಾದದ್ದೇ.

ವರದಿ ಪ್ರಕಟವಾಯಿತು. ಜಗತ್ತು ಅದನ್ನು ಹೆಚ್ಚಾಗಿ ಲಕ್ಷಿಸಲಿಲ್ಲ. ಎಲ್ಲೋ ಒಂದು ಊರಿನಲ್ಲಿ, ಯಾವುದೋ ಒಂದು ಸಲ, ವಿಚಿತ್ರವಾದ ಒಂದು ರೋಗಾಣು. ಇಂಥ ವರದಿಗಳು ಗ್ರಂಥಭಂಡಾರಗಳಲ್ಲಿ ಧೂಳು ಹಿಡಿದು ಎಷ್ಟೋ ಬಿದ್ದಿರುತ್ತವೆ.

ಐದು ವರ್ಷಗಳ ತರುವಾಯ, ೧೯೫೫ರಲ್ಲಿ, ಯೊಕೊಹಾಮ ನಗರದ ರಾಷ್ಟ್ರೀಯ ಆಸ್ಪತ್ರೆಯಲ್ಲಿ ಅದೇ ಬಗೆಯ ಹೊಟ್ಟೆನೋವು, ಅದೇ ಬಗೆಯ ಭೇದಿ ಕಾಣಿಸಿಕೊಂಡು ೧೨೦ ಮಂದಿ ನರಳಿದರು. ಈ ಸಲ ತಿಂದದ್ದು ಮೀನಲ್ಲ! ಉಪ್ಪಿನಲ್ಲಿ ಹದವಾಗಿ ನೆನೆಸಿದ ಸೌತೆಕಾಯಿ. ನಮ್ಮಲ್ಲಿ ಸೌತೆಕಾಯಿ ಹೋಳಿಗೆ ಉಪ್ಪು ಸವರಿ ನೀರು ಬಿಡುವವರೆಗೆ ಇಟ್ಟು ತಿನ್ನುವುದಿಲ್ಲವೆ, ಹೆಚ್ಚುಕಡಮೆ ಅದರಂತೆಯೇ.

ಆಸ್ಪತ್ರೆಯ ಟಕಿಕಾವ ಎಂಬ ವೈದ್ಯರು ಈ ಪ್ರಸಂಗವನ್ನು ಬೆನ್ನಟ್ಟಿದರು. ಎಂದಿನ ಪಾಕಗಳಲ್ಲಿ ರೋಗಾಣು ಸರಿಯಾಗಿ ಬೆಳೆಯಲೊಲ್ಲದು. ಇಲ್ಲಿ ಈ ಪಾಕದ ವಿಷಯ ಒಂದು ಮಾತು ಹೇಳಬೇಕು. ರೋಗಾಣುವನ್ನು ಗುರುತಿಸಬೇಕಾದರೆ ಮೊದಲು ಅದನ್ನು ಬೆಳೆಸಬೇಕು. ಬೆಳೆಸಲು ಅದಕ್ಕೆ ಊಟ ಹಾಕಬೇಕು. ಮಾಂಸದ ಸಾರಿಗೆ ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಅಂಟನ್ನು ಸೇರಿಸಿ, ಗಾಜಿನ ತಟ್ಟೆಯಲ್ಲಿ ಹರವಿ, ಹಲ್ವದಂತೆ ಹೆಪ್ಪುಗಟ್ಟಿಸಿದರೆ ಅದೇ ಪಾಕ. ಮನುಷ್ಯನ ಒಡಲಿನ ರೋಗಾಣುಗಳಿಗಾಗಿ ಮಾಡುವ ಪಾಕದಲ್ಲಿ ಉಪ್ಪು ಮನುಷ್ಯನ ಒಡಲಿಗೆ ತಕ್ಕಷ್ಟೇ, ನೂರಕ್ಕೆ ಅರ್ಧ ಭಾಗದಷ್ಟು, ಇರುತ್ತದೆ. ಟಕಿಕಾವ ಅವರು ಉಪ್ಪನ್ನು ಹೆಚ್ಚಿಸಿ ನೋಡಿದರು. ನೂರಕ್ಕೆ ಮೂರು ನಾಲ್ಕು ಭಾಗ ಉಪ್ಪು ಬಿದ್ದೊಡನೆ ರೋಗಾಣು ತಟ್ಟೆಯ ತುಂಬ ಹುಲುಸಾಗಿ ಬೆಳೆಯಿತು. ಕಡಲ ನೀರಿನಲ್ಲಿಯೂ ಉಪ್ಪು ನೂರಕ್ಕೆ ಸುಮಾರು ಮೂರೂವರೆ ಭಾಗ. ಉಪ್ಪೇ ಇಲ್ಲದ ಪಾಕದಲ್ಲಿ ಅದು ಬೆಳೆಯಲೇ ಇಲ್ಲ.

ಇಷ್ಟೇ ಸಂಗತಿ. ಆದರೆ ಇದರ ಹಿಂದಿರುವ ಅರ್ಥ ದೊಡ್ಡದು. ಅದುವರೆಗೆ ಬೇಸಿಗೆಯಲ್ಲಿ ಹೊಟ್ಟೆ ಕೆಟ್ಟು ಬಂದ ಎಷ್ಟೋ ರೋಗಿಗಳ ಮಲವನ್ನು ಪ್ರಯೋಗಶಾಲೆಗಳು ಪರೀಕ್ಷಿಸಿದ್ದವು. ಏನೂ ಸಿಗಲಿಲ್ಲವೆಂದು ಬರೆದು ಕಳಿಸಿದ್ದವು. ಸಿಗದಿರಲು ಕಾರಣ ರೋಗಾಣು ಇಲ್ಲದಿರುವುದಲ್ಲ, ಪಾಕದಲ್ಲಿ ಚಿಟಿಕೆ ಉಪ್ಪು ಕಡಮೆಯಾಗಿದ್ದುದು. ಬಂದ ನೆಂಟನಿಗೆ ಒಗ್ಗದ ಊಟ ಬಡಿಸಿ, ಅವನು ಉಣ್ಣದೆ ಎದ್ದುಹೋದದ್ದನ್ನು ಕಂಡು, ನೆಂಟನೇ ಬರಲಿಲ್ಲವೆಂದು ಹೇಳಿದಂತೆ. ಟಕಿಕಾವ ಅವರ ಉಪ್ಪಿನ ಪಾಕ ಬಳಕೆಗೆ ಬಂದಮೇಲೆ ಜಪಾನಿನಲ್ಲಿ ಬೇಸಿಗೆಯ ಆಹಾರದೋಷಗಳಲ್ಲಿ ಬಹುಭಾಗ ಈ ಒಂದೇ ರೋಗಾಣುವಿನ ಕೆಲಸವೆಂದು ತಿಳಿದುಬಂತು.

ಸೌತೆಕಾಯಿಗೆ ಕಡಲಿನ ರೋಗಾಣು ಹೇಗೆ ಬಂತು? ಹಸಿ ಮೀನನ್ನು ಹೆಚ್ಚಿದ ಮಣೆಯ ಮೇಲೆ, ಅದೇ ಕತ್ತಿಯಿಂದ ಸೌತೆಕಾಯಿಯನ್ನೂ ಹೆಚ್ಚಿದರೆ ಸಾಕು. ಮೀನನ್ನು ಆಮೇಲೆ ಬೇಯಿಸುತ್ತಾರೆ. ಸೌತೆಕಾಯಿಯನ್ನು ಬೇಯಿಸುವವರು ಯಾರು? ಅದರ ಮೇಲೆ ಉದುರಿಸಿದ ಉಪ್ಪು ಬೇರೆ ಕ್ರಿಮಿಗಳನ್ನು ದೂರವಿಟ್ಟು ಇದೊಂದಕ್ಕೆ ಹಬ್ಬ ಮಾಡಿಸುತ್ತದೆ. ಒಸಾಕದ ಶಿರಾಸುವಿನ ರಹಸ್ಯವೂ ಇದೇ ರೀತಿಯದಾಗಿರಬೇಕು. ಕುದಿಯುವ ನೀರಿನಲ್ಲಿ ಈ ಜೀವಿ ಉಳಿಯದು. ಆದ್ದರಿಂದ ಅದು ಮೀನಿನ ಮರಿಗಳನ್ನು ಕುದಿಸಿದ ಮೇಲೆ, ಹಸಿ ಮೀನು ತಾಗಿದ ಬುಟ್ಟಿಯಿಂದಲೋ ನೀರಿನಿಂದಲೋ ಬಂದು ಸೇರಿರಬೇಕು. ನಮ್ಮ ಮೀನು ಉಪ್ಪು ಹಾಕುವವರಿಗೆ ಒಂದು ಸಮಾಧಾನದ ಮಾತನ್ನೂ ಇಲ್ಲಿಯೇ ಹೇಳಬಹುದು. ಉಪ್ಪು ನೂರಕ್ಕೆ ಹತ್ತು ಭಾಗ ಮೀರಿದರೆ ಈ ಉಪ್ಪಿನ ಪ್ರೇಮಿಗೂ ಅದು ಅತಿಯಾಗುತ್ತದೆ. ಅಪಾಯವಿರುವುದು ರುಚಿಗೆ ತಕ್ಕಷ್ಟು ಉಪ್ಪಿರುವ ಪದಾರ್ಥದಲ್ಲಿ.

ಹೆಸರಿನ ತೊಡಕು ಇನ್ನೂ ಕೆಲವು ಕಾಲ ಮುಂದುವರಿಯಿತು. ಟಕಿಕಾವ ಅವರು ಇದನ್ನು ಸ್ಯೂಡೊಮೊನಾಸ್ ಕುಲಕ್ಕೆ ಸೇರಿಸಿದರು; ಮತ್ತೊಬ್ಬರು ಓಷಿಯಾನೊಮೊನಾಸ್ ಎಂದರು. ೧೯೬೩ರಲ್ಲಿ ಸಕಜಾಕಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಹೋಲಿಸಿ ನೋಡಿ, ಇದು ಕಾಲರಾದ ದಾಯಾದಿ ಎಂದು ತೀರ್ಮಾನಿಸಿದರು. ಅಂದಿನಿಂದ ಇದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್. ಕಾಲರಾ ರೋಗಾಣುವನ್ನು ೧೮೫೪ರಲ್ಲಿ ಫ್ಲಾರೆನ್ಸಿನ ಪಚೀನಿ ಕಂಡಿದ್ದರು. ೧೮೮೪ರಲ್ಲಿ ರಾಬರ್ಟ್ ಕಾಖ್ ನಮ್ಮ ಕಲ್ಕತ್ತದಲ್ಲಿ ಕುಳಿತು ಅದನ್ನು ಶುದ್ಧವಾಗಿ ಬೆಳೆಸಿ ತೋರಿಸಿದರು. ಅಷ್ಟು ಪ್ರಸಿದ್ಧನಾದ ಅಣ್ಣನಿದ್ದೂ ಈ ತಮ್ಮ ಇಷ್ಟು ಕಾಲ ಅಜ್ಞಾತವಾಸದಲ್ಲಿದ್ದುದು ಆಶ್ಚರ್ಯವೇ ಸರಿ.

ಈ ನಡುವೆ ಹೊಸದೊಂದು ಒಗಟು ಹುಟ್ಟಿಕೊಂಡಿತು. ಉಪ್ಪಿನ ಪಾಕ ಹಿಡಿದು ಹುಡುಕಲು ಹೊರಟವರಿಗೆ ಈ ರೋಗಾಣು ಎಲ್ಲೆಲ್ಲಿಯೂ ಸಿಗತೊಡಗಿತು. ಬಂದರಿನ ನೀರಿನಲ್ಲಿ, ಕೆಸರಿನಲ್ಲಿ, ಮೀನಿನಲ್ಲಿ, ಏಡಿಯಲ್ಲಿ, ಸಿಂಪಿಯಲ್ಲಿ. ಇಷ್ಟೊಂದು ಇದ್ದರೆ ಕಡಲತೀರದ ಜನರೆಲ್ಲ ದಿನವೂ ಹಾಸಿಗೆಯಲ್ಲಿಯೇ ಇರಬೇಕಿತ್ತು. ಹಾಗಾಗಲಿಲ್ಲವೇಕೆ? ಇದಕ್ಕೆ ಉತ್ತರ ದೊರೆತದ್ದು ಯೊಕೊಹಾಮ ನಗರವಿರುವ ಕನಗಾವ ಪ್ರಾಂತದಲ್ಲಿ. ವಗಟ್ಸುಮ ಎಂಬವರು ಸಿದ್ಧಪಡಿಸಿದ ರಕ್ತದ ಪಾಕವೊಂದರ ಮೇಲೆ ಈ ಜೀವಿಯನ್ನು ಬೆಳೆಸಿದರೆ, ಕೆಲವು ಮಾದರಿಗಳ ಸುತ್ತ ರಕ್ತ ಕರಗಿ ತಿಳಿಯಾದ ಬಳೆಯಂಥ ಗುರುತು ಮೂಡುತ್ತದೆ; ಕೆಲವುಗಳ ಸುತ್ತ ಮೂಡುವುದಿಲ್ಲ. ೧೯೬೮ರಲ್ಲಿ ಪ್ರಕಟವಾದ ಎಣಿಕೆಯಂತೆ, ರೋಗಿಗಳಿಂದ ತೆಗೆದ ಮಾದರಿಗಳಲ್ಲಿ ನೂರಕ್ಕೆ ತೊಂಬತ್ತಾರರ ಸುತ್ತ ಈ ಬಳೆ ಕಂಡುಬಂತು. ಕಡಲಿನ ಮೀನುಗಳಿಂದ ತೆಗೆದವುಗಳಲ್ಲಿ ನೂರಕ್ಕೆ ಒಂದರ ಸುತ್ತ ಮಾತ್ರ. ಇದಕ್ಕೆ ‘ಕನಗಾವ ಲಕ್ಷಣ’ ಎಂದೇ ಹೆಸರಾಯಿತು. ಎಂದರೆ, ಕಡಲಿನಲ್ಲಿರುವ ಈ ಕುಲದ ಬಹುಪಾಲು ಜೀವಿಗಳು ಸಾಧುಗಳು. ಕೆಲವರು ಮಾತ್ರ ಕೈಯಲ್ಲಿ ಆಯುಧ ಹಿಡಿದವರು. ನಮ್ಮ ಕರುಳಿನೊಳಗೆ ಹೊಕ್ಕಮೇಲೆ ಆ ಕೆಲವರೇ ಮೇಲುಗೈ ಪಡೆದು ಬೆಳೆಯುತ್ತಾರೆ.

ಆಯುಧವೆಂದರೆ ಒಂದು ವಿಷ. ಅದು ನಮ್ಮ ಜೀವಕೋಶಗಳ ಪೊರೆಯಲ್ಲಿ ಸೂಜಿ ಚುಚ್ಚಿದಂತೆ ರಂಧ್ರ ಕೊರೆಯುತ್ತದೆ. ರಂಧ್ರದ ಮೂಲಕ ಲವಣಗಳೂ ನೀರೂ ಹೊರಕ್ಕೆ ಹರಿಯುತ್ತವೆ. ನೀರಿನಂಥ ಭೇದಿ ಅದರಿಂದಲೇ. ಈ ವಿಷ ಕುದಿನೀರಿನಲ್ಲಿ ಹತ್ತು ನಿಮಿಷವಿಟ್ಟರೂ ಕೆಡುವುದಿಲ್ಲ. ಹಾಗೆಂದು ಬೇಯಿಸಿದರೆ ಪ್ರಯೋಜನವಿಲ್ಲವೆಂದು ಯಾರೂ ತಿಳಿಯಬಾರದು. ಕಾಯಿಲೆ ಬರಬೇಕಾದರೆ ರೋಗಾಣು ಜೀವಂತವಾಗಿ ಕರುಳನ್ನು ತಲಪಿ, ಅಲ್ಲಿ ಅಂಟಿಕೊಂಡು ಬೆಳೆಯಬೇಕು. ಅದು ಅರವತ್ತು ಡಿಗ್ರಿ ಶಾಖಕ್ಕೇ ಸಾಯುತ್ತದೆ. ವಿಷವೊಂದೇ ಸಾಲದೆಂಬಂತೆ ಇದಕ್ಕೆ ಮತ್ತೊಂದು ಸಲಕರಣೆಯೂ ಇದೆ. ಪಿಚಕಾರಿಯಂಥ ಅತಿ ಸೂಕ್ಷ್ಮವಾದ ಕೊಳವೆಯೊಂದನ್ನು ಕರುಳಿನ ಕೋಶಕ್ಕೆ ನೇರವಾಗಿ ನೆಟ್ಟು ತನ್ನ ದ್ರವ್ಯಗಳನ್ನು ಒಳಕ್ಕೆ ಹೊಗಿಸುತ್ತದೆ. ಇದು ತಿಳಿದದ್ದು ಬಹಳ ಈಚೆಗೆ.

ಉಣ್ಣುವ ಅನ್ನದೊಡನೆ ಒಂದೆರಡು ರೋಗಾಣು ಹೋದರೆ ಏನೂ ಆಗದು, ಲಕ್ಷಗಟ್ಟಲೆ ಹೋಗಬೇಕು. ಆದರೆ ಲಕ್ಷವಾಗಲು ಇದಕ್ಕೆ ಹೊತ್ತು ಬೇಡ. ಕರುಳಿನ ಸಾಮಾನ್ಯ ನಿವಾಸಿಯಾದ ಇ. ಕೋಲಿ ಎಂಬ ಜೀವಿ ಅನುಕೂಲವಾದ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಇದು ಒಂಬತ್ತೇ ನಿಮಿಷಕ್ಕೆ ಎರಡಾಗಬಲ್ಲದು. ಲೆಕ್ಕ ಹಾಕಿ ನೋಡಿ. ಮೂರು ಗಂಟೆಯ ಕೊನೆಗೆ ಅದು ಒಂದರಿಂದ ೫೧೨ ಆಗಿದ್ದರೆ, ಇದು ಒಂದರಿಂದ ಹತ್ತು ಲಕ್ಷ ದಾಟಿರುತ್ತದೆ. ಬೇಸಿಗೆಯ ಮಧ್ಯಾಹ್ನ ಮಾರುಕಟ್ಟೆಯಿಂದ ಮೀನು ತಂದು, ಮಾತಿಗೆ ನಿಂತು, ಸಂಜೆ ಒಲೆ ಹಚ್ಚುವವರೆಗೆ ಮೂರು ಗಂಟೆ ಕಳೆಯುವುದು ಯಾವ ಮನೆಯಲ್ಲಿ ಅಪರೂಪ?

ತಿಂದ ಹದಿನೈದು ಇಪ್ಪತ್ತು ಗಂಟೆಗಳೊಳಗೆ ಸಾಮಾನ್ಯವಾಗಿ ಹೊಟ್ಟೆನೋವು, ಭೇದಿ, ಸ್ವಲ್ಪ ಜ್ವರ. ಎರಡು ಮೂರು ದಿನ ಕಾಡಿ ತಾನೇ ಇಳಿಯುತ್ತದೆ. ಕಳೆದುಕೊಂಡ ನೀರನ್ನೂ ಲವಣವನ್ನೂ ತುಂಬಿಕೊಟ್ಟರೆ ಬಹುಮಂದಿ ಗುಣವಾಗುತ್ತಾರೆ. ಒಸಾಕದಲ್ಲಿ ಇಪ್ಪತ್ತು ಮಂದಿ ಸತ್ತದ್ದು ಈ ರೋಗದ ಚರಿತ್ರೆಯಲ್ಲಿ ಅಸಾಧಾರಣವಾದ ಸಂಗತಿ.

ಬಹಳ ದಿನ ಇದು ಜಪಾನಿನವರ ಕಾಯಿಲೆ, ಹಸಿ ಮೀನು ತಿನ್ನುವ ಅವರ ಅಭ್ಯಾಸದ ಫಲ ಎಂದು ಉಳಿದ ದೇಶಗಳವರು ಭಾವಿಸಿದ್ದರು. ೧೯೭೧ನೆಯ ಆಗಸ್ಟಿನಲ್ಲಿ ಅಮೆರಿಕದ ಮೇರಿಲೆಂಡ್ ರಾಜ್ಯದಲ್ಲಿ ಏಡಿ ತಿಂದ ನಾನ್ನೂರಕ್ಕೂ ಹೆಚ್ಚು ಮಂದಿ ಮಲಗಿದಾಗ ಈ ಭಾವನೆ ಹೋಯಿತು. ಆ ಏಡಿಗಳೆಲ್ಲ ಹಬೆಯಲ್ಲಿ ಬೇಯಿಸಿದವೇ. ಬೆಂದವುಗಳಿಗೆ ಜೀವಂತ ಏಡಿಗಳ ಸೋಂಕು ತಗುಲಿತ್ತು. ಅದೇ ರಾಜ್ಯದ ಚೆಸಪೀಕ್ ಕೊಲ್ಲಿಯಲ್ಲಿ ರೀಟಾ ಕೋಲ್ವೆಲ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಯಾದ ಕನೆಕೊ ಎಂಬವರೂ ವರ್ಷದುದ್ದಕ್ಕೂ ನೀರನ್ನು ಪರೀಕ್ಷಿಸಿ, ೧೯೭೩ರಲ್ಲಿ ಒಂದು ಸುಂದರವಾದ ವೃತ್ತಾಂತವನ್ನು ಹೊರತಂದರು. ಚಳಿಗಾಲದಲ್ಲಿ ಈ ಜೀವಿ ನೀರಿನಲ್ಲಿ ಕಾಣಿಸದು. ತಳದ ಕೆಸರಿನಲ್ಲಿ ಮಲಗಿರುತ್ತದೆ. ವಸಂತದಲ್ಲಿ ನೀರಿನ ಶಾಖ ಹದಿನಾಲ್ಕು ಡಿಗ್ರಿಗೆ ಏರಿದಾಗ ಕೆಸರಿನಿಂದೆದ್ದು, ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಸೀಗಡಿಯಂಥ ಪ್ರಾಣಿಗಳ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಅವುಗಳ ಸಂಗಡ ಬೆಳೆದು ಕೊಲ್ಲಿಯ ತುಂಬ ಹರಡುತ್ತದೆ. ಯಾವ ಊರಿನ ಚರಂಡಿಯೂ ಇದಕ್ಕೆ ಕಾರಣವಲ್ಲ. ವಿಂಚೆಸ್ಟರಿನ ಕಾಲದ ಸಿದ್ಧಾಂತದಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ. ಕಡಲು ಎಷ್ಟೇ ಶುಚಿಯಾಗಿದ್ದರೂ ಅದರಲ್ಲಿ ಹೂ ಬಿಟ್ಟಂತೆ ಋತುವಿಗೆ ಸರಿಯಾಗಿ ಈ ಜೀವಿ ಅರಳುತ್ತದೆ.

ನಮ್ಮ ದೇಶದಲ್ಲಿ ಇದರ ಇರವು ೧೯೭೦ರಲ್ಲಿಯೇ ಕಲ್ಕತ್ತದ ಭೇದಿ ರೋಗಿಗಳಿಂದ ತಿಳಿದಿತ್ತು. ಅದೇ ಊರಿನಲ್ಲಿ ೧೯೯೬ನೆಯ ಫೆಬ್ರವರಿಯಲ್ಲಿ ಕಥೆಗೆ ಹೊಸ ತಿರುವು ಬಂತು. ರೋಗಾಣುಗಳ ಹೊರಮೈಯ ಗುಣಗಳನ್ನು ನೋಡಿ ಅವುಗಳಿಗೆ ಸಂಖ್ಯೆ ಕೊಟ್ಟು ಜಾತಿ ವಿಂಗಡಿಸುತ್ತಾರೆ. ಅದುವರೆಗೆ ಕಲ್ಕತ್ತದಲ್ಲಿ ನಾನಾ ಜಾತಿಗಳು ಚದುರಿದಂತೆ ಸಿಗುತ್ತಿದ್ದವು. ಆಗ ಇದ್ದಕ್ಕಿದ್ದಂತೆ ಓ೩:ಕೆ೬ ಎಂಬ ಒಂದೇ ಜಾತಿ ಮುಂದೆ ಬಂದು ಉಳಿದವನ್ನು ಹಿಂದೆ ಹಾಕಿತು. ಆಗ್ನೇಯ ಏಷ್ಯದಿಂದ ಜಪಾನಿಗೆ ಮರಳಿದ ಪ್ರಯಾಣಿಕರಲ್ಲಿಯೂ ಇದೇ ಜಾತಿ ಸಿಕ್ಕಿತು. ಬಳಿಕ ಬಾಂಗ್ಲಾದೇಶ, ತೈವಾನ್, ಥಾಯ್ಲೆಂಡ್. ೧೯೯೮ರಲ್ಲಿ ಅಮೆರಿಕದ ಟೆಕ್ಸಾಸಿನ ಗಾಲ್ವೆಸ್ಟನ್ ಕೊಲ್ಲಿಯ ಸಿಂಪಿಗಳನ್ನು ತಿಂದು ಹದಿಮೂರು ರಾಜ್ಯಗಳಲ್ಲಿ ೪೧೬ ಮಂದಿ ಕಾಯಿಲೆ ಬಿದ್ದರು. ದಕ್ಷಿಣ ಅಮೆರಿಕದ ಚಿಲಿ ದೇಶದ ಪೋರ್ಟೊ ಮಾಂಟ್ ಪ್ರದೇಶದಲ್ಲಿ ೨೦೦೪ರಲ್ಲಿ ಸುಮಾರು ಒಂದೂವರೆ ಸಾವಿರ, ೨೦೦೫ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ. ಒಂದೂರಿನ ಕಾಯಿಲೆ ಖಂಡಾಂತರದ ಕಾಯಿಲೆಯಾಯಿತು. ಕಾಲರಾ ಮಾಡಿದ ಪ್ರವಾಸವನ್ನೇ ಅದರ ತಮ್ಮನೂ ಮಾಡಿದ.

ಇದಕ್ಕಿಂತ ಚಿಂತೆಗೆ ಕಾರಣವಾದದ್ದು ಅಲಾಸ್ಕದ ಪ್ರಸಂಗ. ಉತ್ತರ ಧ್ರುವದ ಕಡೆಯ ಆ ನಾಡಿನ ಕಡಲು ಹಿಮದಷ್ಟು ತಣ್ಣಗೆ; ಅಲ್ಲಿಯ ಸಿಂಪಿಗೆ ಈ ರೋಗದ ಭಯವಿಲ್ಲವೆಂದೇ ಎಲ್ಲರ ಎಣಿಕೆ. ೨೦೦೪ರ ಬೇಸಿಗೆಯಲ್ಲಿ ವಿಹಾರದ ಹಡಗಿನ ಪ್ರಯಾಣಿಕರು ಪ್ರಿನ್ಸ್ ವಿಲಿಯಂ ಸೌಂಡ್ ಎಂಬಲ್ಲಿಯ ಸಿಂಪಿಗಳನ್ನು ಹಸಿಯಾಗಿ ತಿಂದು ಮಲಗಿದರು. ಒಟ್ಟು ಅರವತ್ತಕ್ಕೂ ಹೆಚ್ಚು ಮಂದಿಗೆ ಕಾಯಿಲೆಯಾಯಿತು. ಆ ವರ್ಷ ಅಲ್ಲಿಯ ನೀರಿನ ಶಾಖ ಹದಿನೈದು ಡಿಗ್ರಿಯನ್ನು ಮೀರಿತ್ತು. ಅದುವರೆಗೆ ಈ ರೋಗದ ಸಿಂಪಿ ದೊರೆತಿದ್ದ ಉತ್ತರದ ಎಲ್ಲೆಗಿಂತ ಅದು ಸುಮಾರು ಸಾವಿರ ಕಿಲೋಮೀಟರು ಆಚೆ. ಕಡಲು ಬೆಚ್ಚಗಾದಷ್ಟೂ ಈ ಜೀವಿಯ ಸೀಮೆ ಬೆಳೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಪಶ್ಚಿಮ ಕರಾವಳಿಯ ನೀರಂತೂ ವರ್ಷವಿಡೀ ಬೆಚ್ಚಗೆ. ಚೆಸಪೀಕಿನಲ್ಲಿರುವಂತೆ ಚಳಿಗಾಲದ ನಿದ್ದೆ ಇಲ್ಲಿಯ ರೋಗಾಣುವಿಗೆ ಬೇಕಿಲ್ಲ. ೧೯೬೯ರಲ್ಲಿ ಪ್ರಾರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇದ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ದಂಪತಿಗಳೂ ಅವರ ಶಿಷ್ಯರೂ ಈ ಜೀವಿಯನ್ನು ಬಹಳ ಕಾಲ ಅಭ್ಯಾಸ ಮಾಡಿದರು. ಮಂಗಳೂರಿನ ಸುತ್ತಣ ಅಳಿವೆಗಳ ಸಿಂಪಿಗಳಲ್ಲಿ ಅದು ಹೆಚ್ಚುಕಡಮೆ ಎಲ್ಲ ಕಾಲದಲ್ಲಿಯೂ ಇರುವುದನ್ನೂ, ಅವುಗಳಲ್ಲಿ ವಿಷದ ಶಕ್ತಿಯುಳ್ಳವು ಕಡಮೆಯಾದರೂ ಇಲ್ಲದಿಲ್ಲವೆಂಬುದನ್ನೂ ತೋರಿಸಿಕೊಟ್ಟರು. ಹಾಗಿದ್ದೂ ಮಲ್ಪೆ, ಮಂಗಳೂರು, ಕಾರವಾರದ ಮನೆಗಳಲ್ಲಿ ಈ ಕಾಯಿಲೆಯ ಮಾತು ಹೆಚ್ಚು ಕೇಳಿಬರುವುದಿಲ್ಲ. ಅದಕ್ಕೆ ನಮ್ಮ ಅಡಿಗೆಗೆ ವಂದಿಸಬೇಕು. ಬಂಗುಡೆಯಾಗಲಿ ಮರುವಾಯಿಯಾಗಲಿ ಹುಳಿ ಖಾರದ ಮಸಾಲೆಯಲ್ಲಿ ಕೊತಕೊತನೆ ಕುದಿಯದೆ ನಮ್ಮವರ ಬಾಯಿಗೆ ಹೋಗುವುದಿಲ್ಲ. ಹಸಿ ಸಿಂಪಿಯನ್ನು ಮುಂದಿಟ್ಟರೆ ನಮ್ಮ ಅಜ್ಜಿಯರು ಅತಿಥಿಯನ್ನೇ ಎಬ್ಬಿಸಿ ಕಳಿಸಿಯಾರು! ನಮ್ಮಲ್ಲಿ ಅಪಾಯವಿರುವುದು ಒಲೆಯ ಮೇಲಲ್ಲ, ಒಲೆಯ ಪಕ್ಕದಲ್ಲಿ. ಮೀನು ಕೊಯ್ದ ಮೆಟ್ಟುಕತ್ತಿಯಿಂದಲೇ ಈರುಳ್ಳಿ ಸೌತೆಕಾಯಿ ಹೆಚ್ಚಿದರೆ, ಹಸಿ ಸೀಗಡಿ ಇದ್ದ ಪಾತ್ರೆಗೇ ಹುರಿದ ಸೀಗಡಿಯನ್ನು ಸುರಿದರೆ, ಯೊಕೊಹಾಮವೂ ಮೇರಿಲೆಂಡೂ ನಮ್ಮ ಅಡಿಗೆಮನೆಗೇ ಬಂದಂತೆ. ಕಡಲಿನ ಈ ಜೀವಿಗೆ ಸಿಹಿನೀರು ಶತ್ರು. ಮೀನನ್ನೂ ಮಣೆಯನ್ನೂ ಬಾವಿಯ ಅಥವಾ ನಲ್ಲಿಯ ಒಳ್ಳೆಯ ನೀರಿನಲ್ಲಿ ಚೆನ್ನಾಗಿ ತೊಳೆಯುವುದು ನಮ್ಮ ಹೆಂಗಸರ ಹಳೆಯ ಪದ್ಧತಿ, ಬಹು ಒಳ್ಳೆಯ ಪದ್ಧತಿ.

ಜಪಾನೀಯರು ಹಸಿ ಮೀನನ್ನು ಬಿಡಲಿಲ್ಲ; ಬಿಡಿ ಎಂದು ಅವರಿಗೆ ಹೇಳಿ ಪ್ರಯೋಜನವೂ ಇಲ್ಲ. ೧೯೯೮ರಲ್ಲಿ ಆ ಒಂದು ವರ್ಷದಲ್ಲಿಯೇ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಈ ರೋಗದಿಂದ ನರಳಿದ್ದು ದಾಖಲಾಯಿತು. ಆಗ ಸರ್ಕಾರ ಎಚ್ಚೆತ್ತುಕೊಂಡು ೨೦೦೧ರಲ್ಲಿ ನಿಯಮ ಮಾಡಿತು. ಹಸಿಯಾಗಿ ತಿನ್ನುವ ಮೀನನ್ನು ಹತ್ತು ಡಿಗ್ರಿಗಿಂತ ಕೆಳಗೆ ತಂಪಾಗಿಡಬೇಕು, ಶುದ್ಧವಾದ ನೀರಿನಲ್ಲಿಯೇ ತೊಳೆಯಬೇಕು, ಒಂದು ಗ್ರಾಮಿನಲ್ಲಿ ರೋಗಾಣುಗಳ ಸಂಖ್ಯೆ ನೂರನ್ನು ಮೀರಕೂಡದು. ಮುಂದಿನ ವರ್ಷಗಳಲ್ಲಿ ರೋಗಿಗಳ ಸಂಖ್ಯೆ ಸಾವಿರಗಳಿಂದ ನೂರುಗಳಿಗೆ ಇಳಿಯಿತು.

ಇನ್ನೊಂದು ಸಂಗತಿಯಿದೆ. ೧೯೯೬ರಲ್ಲಿ ಒಸಾಕ ಕೊಲ್ಲಿಯಲ್ಲಿರುವ ಕನ್ಸಾಯ್ ವಿಮಾನನಿಲ್ದಾಣದಲ್ಲಿ, ಹೊರದೇಶದಿಂದ ಭೇದಿ ಹಿಡಿದು ಬಂದಿಳಿದ ಒಬ್ಬ ಪ್ರಯಾಣ ರೋಗಿಯಿಂದ ಓ೩:ಕೆ೬ ಜಾತಿಯ ರೋಗಾಣುವನ್ನು ತೆಗೆದಿಟ್ಟುಕೊಂಡರು. ಅದರ ವಂಶಲಿಪಿಯನ್ನು ಪೂರ್ತಿಯಾಗಿ ಓದಿ ೨೦೦೩ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಅಣುಜೀವಿಗಳಲ್ಲಿ ಒಂದೇ ಇರುವ ವರ್ಣತಂತು ಇದರಲ್ಲಿ, ಅಣ್ಣನಾದ ಕಾಲರಾದಲ್ಲಿರುವಂತೆಯೇ, ಎರಡು. ಒಟ್ಟು ೪,೮೩೨ ವಂಶಗುಣದ ಘಟಕಗಳು. ಕರುಳಿಗೆ ನೆಡುವ ಪಿಚಕಾರಿಯ ವಿವರ ಬರೆದಿದ್ದುದು ಎರಡನೆಯ ತಂತುವಿನಲ್ಲಿ. ಈ ಲಿಪಿಯನ್ನು ಓದಿಸಿದ್ದು ಒಸಾಕ ವಿಶ್ವವಿದ್ಯಾನಿಲಯದ ಅಣುಜೀವಿ ರೋಗಗಳ ಸಂಶೋಧನಾಲಯ. ಐವತ್ತಮೂರು ವರ್ಷಗಳ ಹಿಂದೆ ತಿಂದುಳಿದ ಶಿರಾಸುವನ್ನು ಮುಂದಿಟ್ಟುಕೊಂಡು ಫುಜಿನೊ ಅವರು ಕುಳಿತಿದ್ದ ಸಂಸ್ಥೆಯೇ ಅದು.